ಅನ್ನವಿಲ್ಲದ ಹೋಟೆಲಿನಲ್ಲಿ ಹೆಣ್ಣು ನೋಡಿದ್ದು

ಹೊನ್ನಾವರದ ಕಡಲ ಬದಿಗೆ ಹೊಸದಾಗಿ ಆದ ಆ ಹೋಟೆಲನ್ನು ಯಾರಾದರೂ ನನ್ನೆದುರು ಹೊಗಳಿದರೆ ಈಗಲೂ ಮೈ ಉರಿಯುತ್ತದೆ. ಅದನ್ನು ಹೋಟೆಲು ಎನ್ನಬಾರದಂತೆ. ಅಕ್ಕನ ಮಗಳು ನನ್ನನ್ನು ಎರಡು ಸಲ ತಿದ್ದಿದಳು. ಹೋಟೆಲು ಅಂದರೆ ಬೆಂಚು, ಬನ್ಸು, ಗಾಜಿನ ಲೋಟದ ಚಾ. ಇದು ರೆಸ್ಟೋರೆಂಟು. ಅದರಲ್ಲೂ ಪುಟ್ಟ ಪುಟ್ಟ ತಟ್ಟೆಗಳಲ್ಲಿ ಒಂದೊಂದೇ ಪದಾರ್ಥ ಬರುವ, ಮೇಜಿನವರೆಲ್ಲ ಹಂಚಿಕೊಂಡು ತಿನ್ನಬೇಕಾದ ರೆಸ್ಟೋರೆಂಟು. ನಾನು ಶಾಲೆಯಲ್ಲಿ ಮಕ್ಕಳನ್ನು ಗದರಿಸಿಯೇ ಜನ್ಮವಿಡೀ ಸಂಬಳ ತೆಗೆದುಕೊಂಡವಳು. ಆ ದಿನ ಅಲ್ಲಿ ಗದರಿಸಬೇಕಾದವರು ಬಹಳ ಜನ ಇದ್ದರು.

ನಾವು ಅಲ್ಲಿಗೆ ಹೋದದ್ದು ನಾಲಿಗೆ ಚಪಲಕ್ಕಲ್ಲ, ಅಕ್ಕನ ಮಗಳ ಮದುವೆ ಮಾತಿಗೆ. ಭಾವ ತೀರಿಹೋಗಿ ಬಹಳ ಕಾಲವಾಗಿದೆ. ಅಕ್ಕನಿಗೆ ನಾಲ್ಕು ಜನರ ಎದುರು ಬಾಯಿ ಬರುವುದಿಲ್ಲ. ಆದ್ದರಿಂದ ಆ ಮನೆಯ ವಕೀಲಿಕೆ ಎಲ್ಲ ನನ್ನದೇ.

ನಮ್ಮ ಮನೆಗಳಲ್ಲಿ ಹೆಣ್ಣು ನೋಡುವುದಕ್ಕೆ ಒಂದು ಕ್ರಮ ಇದೆ. ಗಂಡಿನ ಕಡೆಯವರು ಬಂದ ಕೂಡಲೇ ಅವಲಕ್ಕಿ, ಬಾಳೆಹಣ್ಣು, ಚಾ. ಅದನ್ನು ಯಾರು ತಿಂದರೂ ಬಿಟ್ಟರೂ ಅದಕ್ಕೆ ಅರ್ಥವಿಲ್ಲ. ಅನ್ನ ಹಾಗಲ್ಲ. ಮಾತೆಲ್ಲ ಮುಗಿದ ಮೇಲೆ ಒಳಗಿನಿಂದ ಹೆಣ್ಣಿನ ತಾಯಿ ಬಾಗಿಲಿಗೆ ಬಂದು ಗಂಡಿನ ತಂದೆಯನ್ನು ಕೇಳುತ್ತಾಳೆ, "ಎಲೆ ಹಾಕೂದಾ?" ಆತ "ಹಾಕಿ" ಅಂದರೆ ಸಂಬಂಧ ಆಯಿತು, ಎಲ್ಲರೂ ಕೂತು ಉಣ್ಣುತ್ತಾರೆ. "ಹೊತ್ತಾತು, ಹೊರಡ್ತೇವೆ" ಅಂದರೆ ಆಗಲಿಲ್ಲ. ಹೆಣ್ಣಿನ ಕಡೆಗೆ ಮನಸ್ಸಿಲ್ಲದಿದ್ದರೆ ತಾಯಿ ಬಾಗಿಲಿಗೆ ಬರುವುದೇ ಇಲ್ಲ, ಬಂದವರು ತಾವಾಗಿ ಎದ್ದು ಹೋಗುತ್ತಾರೆ. ಮುಖ ಮುರಿದು ಯಾರೂ ಯಾರಿಗೂ ಒಲ್ಲೆ ಅನ್ನಬೇಕಾಗಿಲ್ಲ.

ಇದರಲ್ಲಿ ಒಂದೇ ತೊಂದರೆ. ಅನ್ನವನ್ನು ಮೊದಲೇ ಬೇಯಿಸಿ ಇಡಬೇಕು. ಹಿಂದೊಮ್ಮೆ ಕತಗಾಲದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಚೆನ್ನಾಗಿಯೇ ನಕ್ಕ, ಅವನ ಚಿಕ್ಕಪ್ಪ ನಮ್ಮ ಬಾವಿ ನೀರನ್ನು ಹೊಗಳಿದ. ಅಕ್ಕ ಬಾಗಿಲಿಗೆ ಬಂದು ಕೇಳಿದಳು. ಹುಡುಗನ ತಂದೆ ಕೈಗಡಿಯಾರ ನೋಡಿ, "ಹೊತ್ತಾತು" ಅಂದರು. ದೊಡ್ಡ ತಪ್ಪಲೆಯ ತುಂಬ ಕುಚ್ಚಲಕ್ಕಿ ಅನ್ನ ಹಾಗೇ ಉಳಿಯಿತು. ಬೇಲಿಯಾಚೆ ಇಣುಕುತ್ತಿದ್ದವರಿಗೆಲ್ಲ ಎಲೆ ಬೀಳಲಿಲ್ಲ ಎಂಬುದು ತಿಳಿಯಿತು. ಸಂಜೆ ಅಕ್ಕ ಆ ಅನ್ನವನ್ನು ಪಕ್ಕದ ಮನೆಯ ದನದ ಬಾನಿಗೆ ಸುರಿದು ಬಂದು, ಇನ್ನು ಯಾರಿಗೂ ಮೊದಲೇ ಅನ್ನ ಬೇಯಿಸಿ ಇಡುವುದಿಲ್ಲ ಎಂದಳು. ಮಗಳು ಅದನ್ನು ಕೇಳಿಸಿಕೊಂಡು ಹಿತ್ತಲಲ್ಲಿ ನಿಂತಿದ್ದಳು.

ಈ ಸಲದ ಹುಡುಗನನ್ನು ಅವಳೇ ಕಂಡುಕೊಂಡದ್ದು. ಅವಳು ನಮ್ಮೂರು ಕುಮಟೆಯಲ್ಲೇ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವನು ಅದೇ ಊರಲ್ಲಿ ಕರೆಂಟಿನ ಕಂಬ ಹತ್ತುವ ಕೆಲಸದವನು, ಹುಟ್ಟಿದ ಊರು ಭಟ್ಕಳದ ಹತ್ತಿರ ಮುಟ್ಟಳ್ಳಿ. ಜ್ವರ ಬಂತೆಂದು ರಕ್ತ ಕೊಡಲು ಬಂದವನು ಸೂಜಿ ಕಂಡು ಕಣ್ಣು ಮುಚ್ಚಿ ದೇವರ ಹೆಸರು ಹೇಳಿದನಂತೆ. ಮಳೆಗಾಲದಲ್ಲಿ ತಂತಿ ಹಿಡಿಯುವವನು! ಅವಳಿಗೆ ಅಲ್ಲೇ ನಗು ಬಂತು, ಮುಂದಿನದು ತಾನಾಗಿ ಆಯಿತು. ಒಪ್ಪಲು ಉಳಿದಿದ್ದವರು ಹುಡುಗನ ಅಪ್ಪ ಒಬ್ಬರೇ. ಗದ್ದೆ ತೆಂಗು ನೋಡಿಕೊಂಡಿರುವ ಮನುಷ್ಯ, ಹೆಂಡತಿ ಇಲ್ಲ, ಮಾತು ಕಡಿಮೆ, ಮೂಗಿನ ತುದಿಯಲ್ಲಿ ಸಿಟ್ಟು. ತಾನು ಬಂದು ನೋಡಿ ಒಪ್ಪಿದರೆ ಮಾತ್ರ ಎಂದಿದ್ದರು.

"ಅವ್ರು ಬೇಡ ಅಂದ್ರೆ ಅವ ಅಪ್ಪನ್ನ ಬಿಟ್ಟು ಬರೂದಿಲ್ಲ ಚಿಕ್ಕಮ್ಮ. ನಾ ಬಾ ಅಂತ ಹೇಳೂದೂ ಇಲ್ಲ," ಎಂದಿದ್ದಳು ನಮ್ಮ ಹುಡುಗಿ. ಹೇಳಿದಂತೆ ನಡೆದುಕೊಳ್ಳುವ ಜಾತಿ ಅವಳದು. ನನಗೆ ಹೆದರಿಕೆ ಆದದ್ದೇ ಅದಕ್ಕೆ.

ಮನೆ ಬಿಟ್ಟು ರೆಸ್ಟೋರೆಂಟಿನಲ್ಲಿ ಸೇರುವ ಬುದ್ಧಿ ಹುಡುಗನ ಅಕ್ಕನದು. ಆಕೆಗೆ ಭಟ್ಕಳದಲ್ಲಿ ಬಟ್ಟೆ ಅಂಗಡಿ ಇದೆ. ಎಂತ ಮಾಡಿದರೂ ಅದರ ಫೋಟೋ ತೆಗೆದು ಅಂಗಡಿಯ ಹೆಸರಿನಲ್ಲಿ ಊರಿಗೆಲ್ಲ ತೋರಿಸುತ್ತಾಳೆ. ಹೊನ್ನಾವರ ಎರಡೂ ಊರಿಗೆ ನಡುವೆ, ಯಾರ ಮನೆಯೂ ಅಲ್ಲ, ಯಾರಿಗೂ ಮುಜುಗರ ಇಲ್ಲ ಎಂದು ಆಕೆ ಫೋನಿನಲ್ಲಿ ವಿವರಿಸಿದಳು. ನಾನು ಬೈಯಬೇಕೆಂದಿದ್ದೆ. ಆದರೆ ನಮ್ಮ ಹುಡುಗಿ ಥಟ್ಟನೆ ಒಪ್ಪಿಬಿಟ್ಟಳು. ಅಮ್ಮ ಇನ್ನೊಮ್ಮೆ ತಪ್ಪಲೆ ಅನ್ನ ಇಟ್ಟುಕೊಂಡು ಬಾಗಿಲಲ್ಲಿ ನಿಲ್ಲುವುದು ಅವಳಿಗೆ ಬೇಡವಾಗಿತ್ತು. ಅದು ಗೊತ್ತಾಗಿ ನಾನು ಬಾಯಿ ಮುಚ್ಚಿದೆ.

ಆ ಭಾನುವಾರ ಹೊರಡುವ ಹೊತ್ತಿಗೆ ಅಕ್ಕ ಒಳಗಿನಿಂದ ಬರುವುದು ತಡವಾಯಿತು. ಒಳ್ಳೆಯ ಸೀರೆ ಉಟ್ಟವಳ ಹಣೆಯಲ್ಲಿ ಬೆವರು, ಸೆರಗಿಗೆ ಹೊಗೆ ವಾಸನೆ.

"ಎಂತ ಮಾಡ್ತಿದ್ದೆ ಇಷ್ಟೊತ್ತು?" ಎಂದೆ.

"ಎಂತ ಇಲ್ಲ," ಎಂದು ಕಾರು ಹತ್ತಿದಳು.

ಆ ರೆಸ್ಟೋರೆಂಟು ಒಂದು ಕಾಲದಲ್ಲಿ ಒಣಮೀನು ತುಂಬುತ್ತಿದ್ದ ಗೋದಾಮು. ಗೋಡೆಗೆ ಗಿಲಾವು ಮಾಡದೆ ಕಲ್ಲನ್ನು ಹಾಗೇ ಬಿಟ್ಟಿದ್ದರು. ನಮ್ಮ ಕೇರಿಯಲ್ಲಿ ಯಾರದಾದರೂ ಗೋಡೆ ಹೀಗಿದ್ದರೆ ಪಾಪ ಅನ್ನುತ್ತೇವೆ, ಇಲ್ಲಿ ಅದನ್ನು ನೋಡಲು ಹೊರ ಊರಿನ ಕಾರುಗಳು ಸಾಲಾಗಿ ನಿಂತಿದ್ದವು. ಮೇಲಿನ ಮಾಡಿನಿಂದ ಮೀನು ಬಲೆ ಇಳಿಬಿಟ್ಟಿದ್ದರು, ಒಂದು ದಿನವೂ ನೀರು ಕಾಣದ ಬಲೆ. ದೋಣಿಯನ್ನು ಅಡ್ಡ ಕೊಯ್ದು ಅದರೊಳಗೆ ಬಾಟಲಿ ಜೋಡಿಸಿದ್ದರು. ಕಡಲು ಎದುರಿಗೇ ಇತ್ತು. ಅದರ ಗಾಳಿ ಒಳಗೆ ಬಾರದಂತೆ ಉದ್ದಕ್ಕೂ ಗಾಜು ಹಾಕಿ, ಆಮೇಲೆ ಸೆಕೆ ಎಂದು ಎಸಿ ಹಾಕಿದ್ದರು. ಇಷ್ಟು ಬುದ್ಧಿವಂತರ ಕೈಯಲ್ಲಿ ಅಡಿಗೆ ಹೇಗಿರುತ್ತದೆ ಎಂದು ನಾನು ಬಾಗಿಲಲ್ಲೇ ಊಹಿಸಿದ್ದೆ.

ಹುಡುಗನ ಕಡೆಯವರು ಮೂವರೂ ಬಂದು ಕೂತಿದ್ದರು. ಅವರು ಬೆಳಿಗ್ಗೆ ಎದ್ದು ಬರಿ ಹೊಟ್ಟೆಯಲ್ಲಿ ಇಡಗುಂಜಿಗೆ ಹೋಗಿ, ಗಣಪತಿಗೆ ಪೂಜೆ ಮಾಡಿಸಿಕೊಂಡು ನೇರ ಇಲ್ಲಿಗೆ ಬಂದಿದ್ದರು. ತಂದೆ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಬೆನ್ನಿಗೆ ಆಸರೆ ಇಲ್ಲದ ಎತ್ತರದ ಸ್ಟೂಲಿನ ಮೇಲೆ ಕಾಲು ನೆಲಕ್ಕೆ ಎಟುಕದೆ ಕೂತಿದ್ದರು. ಮನೆಗೆ ಬಂದ ಬೀಗರನ್ನು ನಾವು ಯಾರೂ ಹೀಗೆ ಕೂರಿಸುವುದಿಲ್ಲ.

ಕಪ್ಪು ಏಪ್ರನ್ ಕಟ್ಟಿದ ಒಬ್ಬಾತ ಬಂದು ಇಂಗ್ಲಿಷಿನಲ್ಲಿ ಸಣ್ಣದೊಂದು ಭಾಷಣ ಮಾಡಿದ. ಇಲ್ಲಿಯ ಅಡಿಗೆ ಒಂದು ಪಯಣವಂತೆ, ನಾವು ಅವಸರ ಮಾಡದೆ ಅದರ ಜತೆ ಹೋಗಬೇಕಂತೆ. ಹುಡುಗನ ಅಕ್ಕ ಅದನ್ನು ಕನ್ನಡದಲ್ಲಿ ಹೇಳಿದಳು. ಮುಟ್ಟಳ್ಳಿಯಿಂದ ಇಡಗುಂಜಿ, ಇಡಗುಂಜಿಯಿಂದ ಹೊನ್ನಾವರ ಬರಿ ಹೊಟ್ಟೆಯಲ್ಲಿ ಸುತ್ತಿ ಬಂದ ಮನುಷ್ಯನಿಗೆ ಇನ್ನೂ ಎಲ್ಲಿಯ ಪಯಣ? ಆತ ಸುಮ್ಮನೆ ತಲೆ ಆಡಿಸಿದರು.

ಮೊದಲು ಬಂದದ್ದು ಬಂಗಡೆ. ಇಡೀ ಬಂಗಡೆಯಲ್ಲ, ಹೆಬ್ಬೆರಳಿನಷ್ಟು ನಾಲ್ಕು ತುಂಡು, ಮಾಡಿನ ಹಂಚಿನ ಮೇಲೆ. ಹೌದು, ಮನೆಗೆ ಹೊದಿಸುವ ಕೆಂಪು ಹಂಚು. ಇಡಗುಂಜಿಗೆ ಹೋಗಿ ಬಂದ ದಿನ ಅವರು ಮೀನು ಮುಟ್ಟುವುದಿಲ್ಲ. ಬಟ್ಟೆ ಅಂಗಡಿಯ ಮಗಳು ಅದನ್ನು ಮೊದಲೇ ಹೇಳುವುದು ಮರೆತಿದ್ದಳು. ಫೋಟೋ ತೆಗೆಯುವುದು ಮರೆಯಲಿಲ್ಲ. ತಂದೆ ಹಂಚನ್ನೇ ನೋಡುತ್ತ, "ಇದು ಮಾಡಿಗೆ ಹಾಕೂದಲ್ದಾ?" ಎಂದರು.

ಆಮೇಲೆ ಕೆಸುವಿನೆಲೆಯ ಪತ್ರೊಡೆ ಬಂತು, ಕೇರಂ ಬಿಲ್ಲೆಯಷ್ಟು ಗಾತ್ರ. ಅದೂ ನಾಲ್ಕೇ, ಕೂತವರು ಆರು ಜನ. ಈ ಲೆಕ್ಕವೂ ಆ ಅಡಿಗೆಯ ಶೈಲಿಯಂತೆ. ನಮ್ಮಲ್ಲಿ ಬೀಗರ ಎದುರು ಯಾರು ಮೊದಲು ಕೈ ಚಾಚುತ್ತಾರೆ? ಬೇಕಾದರೂ ಸಾಕು ಅನ್ನಬೇಕು, ಬಡಿಸುವವರು ಕೇಳದೆ ಬಡಿಸಬೇಕು. ಹಾಗೆ ಬೆಳೆದವರು ನಾವು. ತಂದೆ ನಮಗೆ ಕೊಡಿ ಎಂದರು, ಅಕ್ಕ ಅವರಿಗೆ ಕೊಡಿ ಎಂದಳು, ಹುಡುಗ ಹುಡುಗಿ ಒಬ್ಬರ ಕಡೆಗೊಬ್ಬರು ತಟ್ಟೆ ಜಾರಿಸಿದರು. ಏಪ್ರನ್ನಿನವನು ಬಂದು ತೆಗೆಯಲೇ ಎಂದು ಕೇಳಿದ. ಎಲ್ಲರೂ ಒಂದೇ ಬಾಯಲ್ಲಿ ಸಾಕು ಎಂದೆವು. ಒತ್ತಾಯ ಮಾಡುತ್ತಾನೆ ಎಂದುಕೊಂಡಿದ್ದೆವು. ಆತ ನಿಜಕ್ಕೂ ಎತ್ತಿಕೊಂಡು ಹೋದ! ನಾನೂ ಹುಡುಗನ ಅಕ್ಕನೂ ಅರ್ಧರ್ಧ ಮಾಡಿದ ಒಂದನ್ನು ಬಿಟ್ಟು ಉಳಿದ ಮೂರು ಪತ್ರೊಡೆ ನನ್ನ ಕಣ್ಣೆದುರೇ ಬಾಗಿಲು ದಾಟಿ ಹೋದವು. ಆಮೇಲೆ ಬಂದ ತಟ್ಟೆಗಳಿಗೂ ಇದೇ ಗತಿಯಾಯಿತು.

ಅಷ್ಟರಲ್ಲಿ ತಂದೆ ಅಂಗಿ ಕಿಸೆಯಿಂದ ಬಾಳೆಲೆಯ ಸಣ್ಣ ಪೊಟ್ಟಣ ತೆಗೆದರು. ಇಡಗುಂಜಿಯ ಪಂಚಕಜ್ಜಾಯ. ಸ್ಟೂಲಿನಿಂದ ಇಳಿದು, ನೆಟ್ಟಗೆ ನಿಂತು, ಎರಡೂ ಕೈಯಲ್ಲಿ ಅಕ್ಕನ ಕಡೆಗೆ ಚಾಚಿದರು. ಆ ಒಂದು ಕ್ಷಣ ನನಗೆ ಆ ಮನುಷ್ಯ ಬಹಳ ಇಷ್ಟವಾದರು. ಅಕ್ಕ ಕೈ ಒಡ್ಡುವ ಮೊದಲೇ ಏಪ್ರನ್ನಿನವನು ನಡುವೆ ಬಂದ. ಹೊರಗಿನ ತಿಂಡಿಗೆ ಇಲ್ಲಿ ಅವಕಾಶ ಇಲ್ಲವಂತೆ.

"ತಿಂಡಿ ಅಲ್ಲ ಮಾರಾಯ, ಪ್ರಸಾದ! ದೇವರದ್ದು!" ಎಂದು ನಾನು ಕ್ಲಾಸಿನಲ್ಲಿ ಕೂಗುವಂತೆ ಕೂಗಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಮ್ಯಾನೇಜರು ಎನ್ನುವ ಹೆಂಗಸು ಹಲ್ಲು ಕಾಣುವಂತೆ ನಗುತ್ತ ಬಂದಳು. ಗ್ರಾಹಕರ ಆರೋಗ್ಯದ ಪ್ರಶ್ನೆ ಎಂದಳು. ಕಡಲೆ ಬೆಲ್ಲದಿಂದ ಯಾರಿಗೆ ಎಂತ ರೋಗ ಬರುತ್ತದೆ ಎಂದು ಕೇಳಿದೆ. ನಮ್ಮ ಭಾವನೆ ಅವಳಿಗೆ ಅರ್ಥವಾಗುತ್ತದೆ ಎಂದಳು. ಭಾವನೆ ಅರ್ಥವಾಗುವವರ ಮೇಲೆ ನನಗೆ ಬರುವಷ್ಟು ಸಿಟ್ಟು ಬೇರೆ ಯಾರ ಮೇಲೂ ಬರುವುದಿಲ್ಲ. ಇನ್ನೂ ನಾಲ್ಕು ಮಾತು ತಯಾರಿತ್ತು, ಅಷ್ಟರಲ್ಲಿ ತಂದೆ, "ಬಿಡಿ, ಅವ್ರ ಜಾಗ," ಎಂದು ಪೊಟ್ಟಣವನ್ನು ಕಿಸೆಗೆ ಹಾಕಿಕೊಂಡರು. ಮತ್ತೆ ಆತ ಯಾವುದನ್ನೂ ಮುಟ್ಟಲಿಲ್ಲ.

ಅಡಿಗೆಮನೆಯ ಬಾಗಿಲು ತೆರೆದಾಗಲೆಲ್ಲ ಆತನ ಕಣ್ಣು ಆ ಕಡೆ ಹೋಗುತ್ತಿತ್ತು. ಅಕ್ಕನದೂ ಹೋಗುತ್ತಿತ್ತು. ಈವರೆಗೆ ಬಂದದ್ದೆಲ್ಲ ಅವಲಕ್ಕಿ ಚಾದ ಬಾಬತ್ತು, ಊಟ ಇನ್ನೂ ಬರಬೇಕು ಎಂದೇ ನಾವು ಹಿರಿಯರೆಲ್ಲ ತಿಳಿದಿದ್ದೆವು.

"ಈಗ ನಾ ಕೇಳ್ಬೇಕಾ? ಇಲ್ಲಿ ಎಲೆ ಎಲ್ಲಿದೆ? ಯಾರ ಅನ್ನಕ್ಕೆ ನಾ ಕರೆಯೂದು?" ಎಂದು ಅಕ್ಕ ನನ್ನ ಕಿವಿಯಲ್ಲಿ ಕೇಳಿದಳು.

ಏಪ್ರನ್ನಿನವನು ಅಡಿಗೆಮನೆಯವರ ಹತ್ತಿರ ಕೊಂಕಣಿ ಆಡುವುದು ನನಗೆ ಕೇಳಿಸಿತ್ತು. ಅವನನ್ನು ಕರೆದು ಕೊಂಕಣಿಯಲ್ಲೇ, ಅನ್ನ ಎಷ್ಟು ಹೊತ್ತಿಗೆ ತರುತ್ತೀಯಪ್ಪ ಎಂದು ಕೇಳಿದೆ. ಅವನು ಸುತ್ತ ನೋಡಿ, ತಗ್ಗಿದ ದನಿಯಲ್ಲಿ, ಇಲ್ಲಿ ಅನ್ನ ಮಾಡುವುದಿಲ್ಲ ಅಮ್ಮಾ, ಬೇಕಾದರೆ ಗಂಜಿ ಇದೆ ಎಂದ. ಗಂಜಿ ಬಂತು. ಕಣ್ಣಿಗೆ ಔಷಧಿ ಹಾಕುವ ಬಟ್ಟಲಿನಷ್ಟು ಮಣ್ಣಿನ ಕುಡಿಕೆಯಲ್ಲಿ, ಮೇಲೊಂದು ಹೂವಿನ ಎಸಳು. ದಿನಾ ಬೆಳಿಗ್ಗೆ ಬಟ್ಟಲುಗಟ್ಟಲೆ ಗಂಜಿ ಉಂಡು ಗದ್ದೆಗೆ ಇಳಿಯುವ ಮನುಷ್ಯನ ಮುಂದೆ ಅದನ್ನು ಇಟ್ಟು, ಇದು ಈ ಮಣ್ಣಿನ ನೆನಪು ಎಂದರು. ಆತ ಆ ಎಸಳನ್ನು ಬೆರಳಲ್ಲಿ ಎತ್ತಿ ಬದಿಗಿಟ್ಟರು, ಕುಡಿಕೆಯನ್ನೂ ಬದಿಗಿಟ್ಟರು. ಆಮೇಲೆ ತೆಂಗಿನ ಗೆರಟೆಯಲ್ಲಿ ಒಂದು ಚಮಚ ಪಾಯಸ ಬಂತು. ಅಲ್ಲಿಗೆ ಪಯಣ ಮುಗಿಯಿತೆಂದರು.

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಬಿಸಿಲು ಸುಡುತ್ತಿತ್ತು. ತಂದೆ ಮಗನ ಹತ್ತಿರ, "ಆತು. ಹೊರಡುವ, ಹೊತ್ತಾತು," ಎಂದರು.

ಕತಗಾಲದವರು ಆಡಿದ್ದೂ ಅದೇ ಮಾತು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಅವಳ ಪಾಲಿಗೆ ಈ ಸಂಬಂಧವೂ ಹೋಯಿತು. ಗಂಡಿನ ತಂದೆ ಒಂದು ತುತ್ತನ್ನೂ ಮುಟ್ಟದೆ ಎದ್ದರೆ ಅದಕ್ಕೆ ಬೇರೆ ಎಂತ ಅರ್ಥ ಇರುತ್ತದೆ?

ಆದರೆ ಆ ಕಡೆಯ ಕಾರಿನ ಹತ್ತಿರ ಆತ ಮಗಳಿಗೆ ಹೇಳಿದ್ದು ನನಗೆ ಕೇಳಿಸಿತು. "ಅನ್ನ ಹಾಕೂ ಮನಸ್ಸಿಲ್ಲ ಅಂದ್ರೆ ಅವ್ರು ಇಷ್ಟು ದೂರ ಬರೂದೆಂತಕ್ಕೆ? ಆ ತಾಯಿ ಒಂದು ಮಾತು ಕೇಳ್ಲಿಲ್ಲ."

"ಅಪ್ಪಾ, ಊಟ ಆತಲ್ಲ ಈಗ!"

"ಎಲ್ಲಿ ಆತು?" ಎಂದರು ಆತ. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು.

ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅವರು ಉಣ್ಣಲಿಲ್ಲ, ಆದ್ದರಿಂದ ಅವರಿಗೆ ಬೇಡ ಎಂದು ನಮ್ಮವರು. ಇವರು ಅನ್ನ ಹಾಕಲಿಲ್ಲ, ಆದ್ದರಿಂದ ಇವರಿಗೆ ಬೇಡ ಎಂದು ಅವರು. ಬೇಡ ಎಂದವರು ಯಾರೂ ಇಲ್ಲದೆ ಮದುವೆ ಮುರಿದು ಬೀಳುತ್ತಿತ್ತು, ಹಂಚಿನ ಮೇಲೆ ನಾಲ್ಕು ತುಂಡು ಬಂಗಡೆ ಇಟ್ಟ ಪುಣ್ಯಾತ್ಮರ ದಯೆಯಿಂದ.

ನಾನು ಆ ಕಡೆ ಹೆಜ್ಜೆ ಇಡುವಾಗ ಅಕ್ಕ ಕೈ ಬಿಡಲಿಲ್ಲ. "ಬೆಳಿಗ್ಗೆ ಅನ್ನ ಬೇಯ್ಸಿ ಇಟ್ಟು ಬಂದಿದ್ದೆ," ಎಂದಳು. "ಮನಸ್ಸು ಕೇಳ್ಲಿಲ್ಲ. ಹುಳಿನೂ ಮಾಡಿದ್ದೆ, ಪಾಯಸನೂ ಮಾಡಿದ್ದೆ. ಮತ್ತೆ ದನಕ್ಕೇ ಆತು."

ಪಕ್ಕದಲ್ಲಿದ್ದ ಹುಡುಗಿ ತಾಯಿಯ ಮುಖವನ್ನೇ ನೋಡಿದಳು. ಆಮೇಲೆ ಚಪ್ಪಲಿಯಲ್ಲಿ ಮರಳು ಚಿಮ್ಮಿಸುತ್ತ ನೇರ ಆ ಕಾರಿನ ಹತ್ತಿರ ಹೋದಳು. ತಂದೆ ಆಗಲೇ ಒಂದು ಕಾಲು ಒಳಗಿಟ್ಟಿದ್ದರು.

"ಮನೇಲಿ ಅನ್ನ ಆಗಿದೆ," ಎಂದಳು. "ಅಮ್ಮ ಬೆಳಿಗ್ಗೆನೇ ನಿಮಗೆ ಅಂತ ಮಾಡಿಟ್ಟಿದ್ಲು. ಎಲೆ ಹಾಕೂದಾ?"

ಮದುವೆಯಾಗುವ ಹುಡುಗಿಯೇ ಹೋಗಿ ಇದನ್ನು ಕೇಳಿದ್ದು ನಮ್ಮ ಕಡೆ ನಾನಂತೂ ಕಂಡಿಲ್ಲ. ಹುಡುಗನ ಅಕ್ಕನ ಕೈಯಲ್ಲಿದ್ದ ಫೋನು ಕೆಳಗೆ ಇಳಿಯಿತು. ಹುಡುಗ ಕರೆಂಟು ಹೊಡೆದವನಂತೆ ನಿಂತಿದ್ದ.

"ಇದು ತಾಯಿ ಕೇಳೂದಲ್ದಾ?" ಎಂದರು ತಂದೆ.

"ಅಮ್ಮಂಗೆ ಧೈರ್ಯ ಸಾಲೂದಿಲ್ಲ. ಹಿಂದೊಂದ್ಸಲ ಕೇಳಿದಾಗ ಹೊತ್ತಾತು ಅಂದ್ರು. ಅನ್ನ ಎಲ್ಲ ದನಕ್ಕೆ ಹಾಕಿದ್ಲು," ಎಂದಳು. ಮುಖ ತಗ್ಗಿಸಲಿಲ್ಲ.

ಆತ ನಮ್ಮ ಕಡೆ ತಿರುಗಿ ಅಕ್ಕನನ್ನು ನೋಡಿದರು. ಅಕ್ಕ ಸೆರಗಿನ ತುದಿ ಬಾಯಿಗೆ ಒತ್ತಿ ನಿಂತಿದ್ದಳು. ಆತ ಒಮ್ಮೆ ಕೆಮ್ಮಿದರು, ಮಗನಿಗೆ ಹೇಳಿದರು, "ಗಾಡಿ ಕುಮಟೆ ಕಡೆ ತಿರುಗಿಸು." ಆಮೇಲೆ ಹುಡುಗಿಗೆ, "ಹಾಕೂಕೆ ಹೇಳು ನಿನ್ನ ಅಮ್ಮಂಗೆ. ಹಸಿವಾಗಿ ಜೀವ ಹೋಗ್ತಿದೆ."

ಮನೆಯಲ್ಲಿ ಎಲೆ ಹಾಕುವಾಗ ಮಧ್ಯಾಹ್ನ ಎಂದೋ ಕಳೆದಿತ್ತು. ಆತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮೊದಲು ಕಿಸೆಯಿಂದ ಆ ಪೊಟ್ಟಣ ತೆಗೆದು ಅಕ್ಕನ ಅಂಗೈಯಲ್ಲಿ ಪಂಚಕಜ್ಜಾಯ ಹಾಕಿದರು. ನಮ್ಮ ಮನೆಯಲ್ಲಿ ಅದನ್ನು ತಡೆಯಲು ಯಾವ ಮ್ಯಾನೇಜರೂ ಇರಲಿಲ್ಲ. ಆಮೇಲೆ ಊಟ. ಸೌತೆಕಾಯಿ ಹುಳಿ, ಮಾವಿನಮಿಡಿ ಉಪ್ಪಿನಕಾಯಿ, ಹೆಸರುಬೇಳೆ ಪಾಯಸ. ಆತ ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಅಕ್ಕ ಬೆರಳಿನ ಸಂದಿಯಲ್ಲೇ ಅನ್ನ ಸುರಿದಳು. ಆತ ಮತ್ತೆ ಸಾಕು ಎಂದರು, ಅವಳು ಮತ್ತೆ ಸುರಿದಳು. ಬಟ್ಟೆ ಅಂಗಡಿಯವಳೂ ಮೂರು ಸಲ ಅನ್ನ ಹಾಕಿಸಿಕೊಂಡಳು. ಒಂದೂ ಫೋಟೋ ತೆಗೆಯಲಿಲ್ಲ. ಕೈ ಹುಳಿಯಲ್ಲಿ ಮುಳುಗಿತ್ತು. ಅನ್ನವಿಲ್ಲದ ಊಟವನ್ನು ಊರಿಗೆಲ್ಲ ತೋರಿಸಿದವಳು ಇದನ್ನು ಯಾರಿಗೂ ತೋರಿಸಲಿಲ್ಲ ಎಂದು ನನಗೆ ಹೇಳಬೇಕೆನಿಸಿತು. ಬೀಗರಾದರಲ್ಲ, ಇನ್ನು ಹೇಳುವ ಹಾಗಿಲ್ಲ.

ಬೇಲಿಯಾಚೆಯವರು ಈ ಸಲವೂ ಇಣುಕಿದರು. ಎಂಜಲೆಲೆಗಳನ್ನು ನಾನು ಅವರಿಗೆ ಕಾಣುವ ಹಾಗೆಯೇ ನಿಧಾನವಾಗಿ ತೆಗೆದುಕೊಂಡು ಹೋಗಿ ಹಾಕಿದೆ.

ಅವರ ಕಾರು ಹೋದ ಮೇಲೆ ನಾನೂ ಅಕ್ಕನೂ ಉಣ್ಣಲು ಒಳಗೆ ಹೋದೆವು. ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಬಿದ್ದದ್ದು ಅರ್ಧ ಪತ್ರೊಡೆ, ಒಂದು ಚಮಚ ಗಂಜಿ. ಅಕ್ಕ ತಪ್ಪಲೆಯ ಮುಚ್ಚಳ ತೆಗೆದು, ಸೌಟು ಆಡಿಸಿ, ಆಮೇಲೆ ತಪ್ಪಲೆಯನ್ನೇ ಎರಡು ಕೈಯಲ್ಲಿ ಎತ್ತಿ ನನ್ನ ಮುಖದ ಮುಂದೆ ಓರೆ ಮಾಡಿದಳು.

"ನೋಡೇ, ಒಂದ್ ಅಗುಳೂ ಉಳ್ದಿಲ್ಲ!"

"ಉಳ್ದಿಲ್ಲ ಅಂದ್ರೆ ನಾವು ಎಂತ ತಿಂಬೂದು?" ಎಂದು ಸಿಟ್ಟಿನಿಂದ ಕೇಳಿದೆ.

ಅವಳಿಗೆ ಕೇಳಿಸಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಆ ಖಾಲಿ ತಪ್ಪಲೆಯ ತಳವನ್ನೇ ನೋಡುತ್ತ ನಿಂತಿದ್ದಳು.